ಸಿಡ್ನಿಗೆ ಊದಿದ ಸೀಟಿ

ಜೂನ್ 27, ಮಂಗಳವಾರ

ಮಧ್ಯಾಹ್ನವಾದರೂ ನೆಲದ ಹಿಮ ಕರಗಲಿಲ್ಲ. ಕೊಟ್ಟಿಗೆಯ ನಲ್ಲಿ ಕಟ್ಟಿಕೊಂಡಿತ್ತು. ಬಿಸಿನೀರು ಸುರಿದೆ, ಬೈದೆ, ಬಂತು. ಟರ್ನಿಪ್ ಹೊಲದಲ್ಲಿ ಕುರಿಗಳಿಗೆ ಮೇಯಲು ಇನ್ನೊಂದು ಪಟ್ಟಿ ಬಿಟ್ಟುಕೊಟ್ಟೆ. ಕರೆಂಟ್ ಬೇಲಿ ಸರಿಸಿ ಮುಗಿಸುವಷ್ಟರಲ್ಲಿ ಬೆರಳುಗಳು ನನ್ನವಾಗಿ ಉಳಿದಿರಲಿಲ್ಲ.

ಊಟದ ಹೊತ್ತಿಗೆ ಗ್ರೆಗರ್ ಫೋನ್. ಮಗನ ದನಿ ಮೆತ್ತಗಿದ್ದರೆ ಏನೋ ಇದೆ ಅಂತಲೇ. ಇತ್ತು. ಮೊಮ್ಮಗಳು ಐಯೋನಾ ಈ ಚಳಿಗಾಲದ ರಜೆಗೆ ಇಲ್ಲಿಗೆ ಬರುವುದು ಅನುಮಾನವಂತೆ. ಡುನೀಡಿನ್‌ಗೆ, ಆ ಅಜ್ಜಿಯ ಮನೆಗೆ ಹೋಗಬಹುದಂತೆ. ಬೀಗಿತ್ತಿ ನೋಲೀನ್ ಮನೆಗೆ ಫೈಬರ್ ಇಂಟರ್ನೆಟ್ ಬಂದಿದೆ.

ಹುಟ್ಟಿದಾಗಿನಿಂದ ಆ ಹುಡುಗಿಯ ಪ್ರತಿ ಜುಲೈ ನನ್ನದು.

"ಒಂದು ವೈರ್‌ಗೋಸ್ಕರ ಅಜ್ಜೀನೇ ಬದಲಾಯಿಸ್ತಾಳೇನೋ?" ಅಂದೆ.

ವಿಷಯ ಬಿಡಿಸಿ ಹೇಳಿದ. ಈಗ ವಿಡಿಯೋ ಆಟಕ್ಕೆ ಪೆಟ್ಟಿಗೆ ಬೇಡವಂತೆ. ಆಟ ನಡೆಯುವುದು ಸಿಡ್ನಿಯ ಯಾವುದೋ ದೊಡ್ಡ ಕಟ್ಟಡದಲ್ಲಿ. ಇಲ್ಲಿ ಗುಂಡಿ ಒತ್ತಿದರೆ ಸುದ್ದಿ ಸಮುದ್ರ ದಾಟಿ ಅಲ್ಲಿಗೆ ಹೋಗಿ, ಅಲ್ಲಿ ಕಾರು ತಿರುಗಿ, ತಿರುಗಿದ ಚಿತ್ರ ಇಲ್ಲಿಗೆ ವಾಪಸ್. ನಮ್ಮ ಹಳೇ ತಾಮ್ರದ ಫೋನ್ ಲೈನು ಅಷ್ಟನ್ನು ಹೊರುತ್ತಾ ಅಂತ ಅವನ ಚಿಂತೆ.

ಹೊರುತ್ತೆ ಅಂದೆ. ಏನೂ ಗೊತ್ತಿರಲಿಲ್ಲ. ಅಂದುಬಿಟ್ಟೆ.

ಕಡೆಗೆ ಒಪ್ಪಂದ. ಮೊದಲ ವಾರ ಇಲ್ಲಿ. ಆಟ ಸರಿಯಾಗಿ ನಡೆದರೆ ಎರಡನೇ ವಾರವೂ ಇಲ್ಲೇ. ಇಲ್ಲದಿದ್ದರೆ ಶನಿವಾರ ನೋಲೀನ್ ಬಂದು ಕರೆದೊಯ್ಯುತ್ತಾಳೆ. ಅವಳಿಗೆ ಆಗಲೇ ಸಂಭ್ರಮವಂತೆ... ಇರಲಿ.

ಜುಲೈ 1, ಶನಿವಾರ

ಬಂದಳು. ಕಾಲು ಉದ್ದವಾಗಿದೆ, ಮಾತು ಕಡಿಮೆಯಾಗಿದೆ. ಟೆಸ್ ಮಾತ್ರ ಗುರುತು ಮರೆತಿಲ್ಲ — ನನ್ನ ನಾಯಿ, ನನ್ನನ್ನು ಬಿಟ್ಟು ಅವಳ ಹಾಸಿಗೆ ಹತ್ತಿತು. ಬೈದು ಇಳಿಸಿದೆ. ಮತ್ತೆ ಹತ್ತಿತು.

ಚೀಸ್ ರೋಲ್ ಮಾಡಿದ್ದೆ. ತಟ್ಟೆ ಖಾಲಿ. ಆ ವಿಷಯದಲ್ಲಿ ಡುನೀಡಿನ್ ನನ್ನ ಹತ್ತಿರ ಸುಳಿಯಲಾರದು.

ಜುಲೈ 2, ಭಾನುವಾರ

ಚರ್ಚಿನಿಂದ ಬಂದ ಮೇಲೆ ಆಟ ಹಚ್ಚಿದಳು. ಕಾರಿನ ರೇಸು. ಚಿತ್ರ ಬಂತು, ನಿಂತಿತು. ಬಂತು, ನಿಂತಿತು. ಬಿಕ್ಕಳಿಕೆ ಹಿಡಿದವರ ಹಾಗೆ. ಕಾರು ಗೋಡೆಗೆ. ಮತ್ತೆ ಗೋಡೆಗೆ.

ಹಾಳು ಆಟ, ಹೊರಗೆ ಬಾ, ಕೆರೆ ಹೆಪ್ಪುಗಟ್ಟಿದೆ ಅಂದೆ. ಬರಲಿಲ್ಲ. ಅಡುಗೆಮನೆಯ ಒಲೆ ಹತ್ತಿರ ಕೂತು ಟೆಸ್ ಕಿವಿ ತಿಕ್ಕುತ್ತ, ನನ್ನ ಮುಖ ನೋಡದೆ ಹೇಳಿದಳು. ಅವಳ ಗೆಳತಿ ಟಾಲಿಯಾ ಏಪ್ರಿಲ್‌ನಲ್ಲಿ ಪರ್ತ್‌ಗೆ ಹೋದಳಂತೆ, ಅಪ್ಪನ ಗಣಿ ಕೆಲಸಕ್ಕೆ. ಈಗ ಇಬ್ಬರೂ ಸಿಗುವುದು ಆ ಆಟದ ರಸ್ತೆಯ ಮೇಲೆ ಮಾತ್ರ. ಶುಕ್ರವಾರ ಜೋಡಿ ರೇಸು. ಇಬ್ಬರೂ ಹೆಸರು ಕೊಟ್ಟಿದ್ದಾರೆ.

"ನಾನು ಹೋಗದಿದ್ರೆ ಬೇರೆ ಜೋಡಿ ಹುಡುಕ್ತಾಳೆ ಅಜ್ಜಿ."

ಆಟ ಅಂದರೆ ಆಟ ಅಂದುಕೊಂಡಿದ್ದೆ. ಮೊದಲೇ ಹೇಳಬಾರದಿತ್ತೇ.

ಜುಲೈ 3, ಸೋಮವಾರ

ಫೋನ್ ಕಂಪನಿಗೆ ಕರೆ. ಕಾಯಿಸಿದರು, ಸಂಗೀತ ಹಾಕಿದರು. ಆಮೇಲೆ ಒಬ್ಬ ಹುಡುಗ, ಸಭ್ಯ. ಲೈನ್ ಪರೀಕ್ಷಿಸಿ, ನಿಮ್ಮ ಲೈನು ಉದ್ದ, ಆದರೂ ಇಷ್ಟು ಕೆಟ್ಟದಾಗಿರಬಾರದು, ಯಾವುದೋ ಸದ್ದು ಒಳಗೆ ನುಗ್ಗುತ್ತಿದೆ ಅಂದ. ಸುಮ್ಮನೆ ಕೇಳಿ ನೋಡಿ ಅಂದ. ಫೋನನ್ನು ಕಿವಿಗೆ ಒತ್ತಿ ಹಿಡಿದೆ.

ಟಿಕ್... ಟಿಕ್... ಟಿಕ್...

ಆ ತಾಳ ನನಗೆ ಗೊತ್ತಿಲ್ಲವೇ. ದಿನಾ ಬೆಳಿಗ್ಗೆ ಆ ತಾಳದ ಪಕ್ಕದಲ್ಲೇ ಬಗ್ಗಿ ಕೆಲಸ ಮಾಡುತ್ತೇನೆ. ನನ್ನದೇ ಕರೆಂಟ್ ಬೇಲಿ. ಅದರ ಅರ್ಥಿಂಗ್ ಸರಳನ್ನು ಗೇಟಿನ ಪಕ್ಕ ಮೆತ್ತಗಿದ್ದ ಮಣ್ಣಲ್ಲಿ ಹೊಡೆದಿದ್ದೆ. ಮೆತ್ತಗೇಕೆ ಇತ್ತು — ಫೋನ್ ಕೇಬಲ್ ಹೂಳಲು ಅವರು ಅಗೆದ ಜಾಗ ಅದು. ಬೇಲಿ ಮಿಡಿದಾಗಲೆಲ್ಲ ಐಯೋನಾಳ ಕಾರು ಬಿಕ್ಕುತ್ತಿತ್ತು.

ಸರಿಮಾಡ್ತೀನಿ ಅಂತ ಹುಡುಗನಿಗೆ ಹೇಳಿ ಫೋನ್ ಇಟ್ಟೆ. ಏನು ಅಂತ ಹೇಳಲಿಲ್ಲ. ಹೇಳುವ ಅಗತ್ಯ ಕಾಣಲಿಲ್ಲ.

ಜುಲೈ 4, ಮಂಗಳವಾರ

ಸರಳು ಕಿತ್ತು ಹಳ್ಳದ ಆಚೆ ಹೊಡೆಯುವ ಕೆಲಸ. ನೆಲ ಕಬ್ಬಿಣ. ನಾನು ಸುತ್ತಿಗೆ, ಐಯೋನಾ ಕೆಟಲ್. ಕುದಿನೀರು ಸುರಿ, ಹೊಡಿ, ಮತ್ತೆ ಒಲೆಗೆ ಓಡು. ಅವಳ ಮೂಗು ಕೆಂಪು, ಬೂಟಿನ ತುಂಬ ಕೆಸರು. ನಕ್ಕಳು, ಬಂದ ಮೇಲೆ ಮೊದಲ ಸಲ. "ಗೇಮ್ ಆಡೋಕೆ ಟೀ ನೀರು ಕಾಯಿಸ್ಬೇಕು ಅಂತ ಟಾಲಿಯಾಗೆ ಹೇಳಿದ್ರೆ ನಂಬಲ್ಲ."

ಸಂಜೆ ಆಟ. ಬಿಕ್ಕಳಿಕೆ ಇಲ್ಲ! ಚಿತ್ರ ನೀರು ಹರಿದಂತೆ.

ಆದರೂ ಕಾರು ಗೋಡೆಗೆ.

"ತಡ ಅಜ್ಜಿ. ನಾನು ಈಗ ಒತ್ತಿದ್ರೆ ಅದು ಆಮೇಲೆ ತಿರುಗತ್ತೆ. ಗುದ್ದಿದ ಮೇಲೆ."

ಸಿಡ್ನಿಗೆ ಹೋಗಿ ಬರಬೇಕಲ್ಲ. ಅದಕ್ಕೆ ಯಾವ ಕೆಟಲ್ಲೂ ಇಲ್ಲ. ಮುಖ ಸಣ್ಣ ಮಾಡಿಕೊಂಡು ಮಲಗಲು ಹೋದಳು. ಚೀಲಕ್ಕೆ ಬಟ್ಟೆ ತುಂಬುವ ಸದ್ದು ಕೇಳಿಸಿತು.

ಜುಲೈ 5, ಬುಧವಾರ

ಮೇಲಿನ ಗುಡ್ಡದಿಂದ ಕುರಿ ಇಳಿಸಬೇಕಿತ್ತು. ಬೇಡ ಬೇಡ ಅನ್ನುವವಳನ್ನೂ ಎಳೆದುಕೊಂಡು ಹೋದೆ. ಟೆಸ್ ಗುಡ್ಡದ ತುದಿಯಲ್ಲಿ ಒಂದು ಕಪ್ಪು ಚುಕ್ಕೆ. ಅಲ್ಲಿನ ಬಂಡೆ ಬರುವ ಮೊದಲೇ, ಬಲಕ್ಕೆ ತಿರುಗು ಅಂತ ಅದಕ್ಕೆ ಸೀಟಿ ಊದಿದೆ.

ಐಯೋನಾ ಅಂದಳು, "ಟೆಸ್ ಇನ್ನೂ ಬಂಡೆ ಹತ್ರ ಬಂದೇ ಇಲ್ವಲ್ಲ, ಈಗ್ಲೇ ಯಾಕೆ ಊದಿದ್ರಿ?"

ಬಂಡೆ ಹತ್ತಿರ ಬಂದ ಮೇಲೆ ಊದಿದರೆ ಸೀಟಿ ಅಲ್ಲಿಗೆ ಮುಟ್ಟಿ, ಅದು ಕೇಳಿ, ತಿರುಗುವಷ್ಟರಲ್ಲಿ ಕುರಿ ಕಣಿವೆಗೆ ಬಿದ್ದಿರುತ್ತೆ ಅಂದೆ. ನಾಯಿ ಇರುವ ಜಾಗ ನೋಡಿ ಊದಬಾರದು. ಅದು ಮುಟ್ಟಲಿರುವ ಜಾಗ ನೋಡಿ —

ಅಲ್ಲಿಗೆ ನಿಲ್ಲಿಸಿದೆ. ಅವಳೂ ನನ್ನನ್ನೇ ನೋಡುತ್ತಿದ್ದಳು.

ಮನೆಗೆ ಬಂದು ಬೂಟು ಬಿಚ್ಚುವ ಮೊದಲೇ ಆ ಕಂಟ್ರೋಲರ್ ಕೊಡು ಅಂದೆ. ಯಾವ ಗುಂಡಿ ಏನು ಅಂತ ಎರಡು ಸಲ ಕೇಳಿದೆ. ಮೊದಲ ತಿರುವಿನಲ್ಲಿ ಗೋಡೆ. ಎರಡನೆಯದರಲ್ಲಿ ಹುಲ್ಲು. ಮೂರನೆಯದಕ್ಕೆ ತಡ ಎಷ್ಟು ಅಂತ ಕೈಗೆ ಸಿಕ್ಕಿತು. ತಡ ಇದೆ, ಆದರೆ ಒಂದೇ ಸಮ ಇದೆ. ಇವತ್ತೊಂದು ನಾಳೆಯೊಂದು ಅನ್ನುವ ನಾಯಿಯೇ ಕಷ್ಟ, ನಿಧಾನದ ನಾಯಿ ಅಲ್ಲ. ಬೇಗ ಒತ್ತಿದೆ. ಕಾರು ಸೊಗಸಾಗಿ ತಿರುಗಿತು.

ಐಯೋನಾ ಬಾಯಿ ತೆರೆದೇ ನಿಂತಳು. ಕುರಿನಾಯಿ ಸ್ಪರ್ಧೆಯಲ್ಲಿ ನಾನು ಗೆದ್ದ ರಿಬ್ಬನ್‌ಗಳು ಗೋಡೆ ಮೇಲೆ ಸುಮ್ಮನೆ ಧೂಳು ಹಿಡಿಯಲು ತೂಗುತ್ತಿಲ್ಲ.

ಜುಲೈ 7, ಶುಕ್ರವಾರ

ನಿನ್ನೆ ಬರೆಯಲಾಗಲಿಲ್ಲ. ಬೆಳಿಗ್ಗೆ ಗುಡ್ಡ, ಸಂಜೆ ಆಟ, ಅಷ್ಟೇ. ಅವಳು ಟೆಸ್‌ಗೆ ಸೀಟಿ ಊದಿದಳು, ಮೊದಮೊದಲು ತಡವಾಗಿ. ಕುರಿಗಳು ಬೇಲಿ ಹಾರಿದವು. ಆಮೇಲೆ ಸರಿಯಾಗಿ.

ಇವತ್ತು ರೇಸು. ನಾನು ಹಿಂದೆ ಕೂತು ಹೆಣೆಯುತ್ತಿದ್ದೆ. ಅಂದರೆ ಸೂಜಿ ಹಿಡಿದಿದ್ದೆ. ಸ್ಪೀಕರಿನಲ್ಲಿ ಟಾಲಿಯಾ ಒಂದೇ ಸಮ ಹರಟೆ. ಹೊಳೆ ದಾಟುವ ತಿರುವು ಬಂದಾಗ ನನ್ನ ಬಾಯಿಂದ ಸೀಟಿ ಹೊರಟೇಹೋಯಿತು. ಒಲೆ ಮುಂದೆ ಮಲಗಿದ್ದ ಟೆಸ್ ಎದ್ದು ಬಲಕ್ಕೆ ಓಡಿ ಕುರ್ಚಿ ಬೀಳಿಸಿತು. ಪರ್ತ್‌ನಲ್ಲಿ ಆ ಹುಡುಗಿ ನಕ್ಕೂ ನಕ್ಕೂ ಕಾರನ್ನು ಹುಲ್ಲಿಗಿಳಿಸಿದಳಂತೆ.

ನಾಲ್ಕನೇ ಸ್ಥಾನ. ಸೀಟಿ ಇಲ್ಲದಿದ್ದರೆ ಮೂರು ಅಂತಾಳೆ. ಇರಬಹುದು. ಮುಂದಿನ ಶುಕ್ರವಾರಕ್ಕೂ ಇಬ್ಬರೂ ಹೆಸರು ಕೊಟ್ಟರು.

ಗ್ರೆಗರ್ ಫೋನ್. ಲೈನ್ ಸರಿಹೋಯ್ತಾ ಅಮ್ಮ? ಇಲ್ಲ, ತಡ ಹಾಗೇ ಇದೆ ಅಂದೆ. ಮತ್ತೆ ಹೇಗೆ ಆಡಿದಳು? ಬೇಗ ಊದುತ್ತಾಳೆ ಅಂದೆ. ಅವನಿಗೆ ಅರ್ಥವಾಗಲಿಲ್ಲ. ಅವನು ನಾಯಿ ಕೆಲಸಕ್ಕೆ ಎಂದೂ ಆಗಿಬರಲಿಲ್ಲ.

ಎರಡನೇ ವಾರ ಎಲ್ಲಿರ್ತಾಳೆ ಅಂತ ಅವನೂ ಕೇಳಲಿಲ್ಲ, ನಾನೂ ಅವಳನ್ನು ಕೇಳಲಿಲ್ಲ. ಕೇಳುವವಳಲ್ಲ ನಾನು.

ಜುಲೈ 8, ಶನಿವಾರ

ನೋಲೀನ್ ಬಂದಳು. ಒಳ್ಳೆ ಕೋಟು, ಕೈಯಲ್ಲಿ ಪಾವ್ಲೋವಾ ಕೇಕು. ಒಳಗೆ ಬರುತ್ತಲೇ ನಮ್ಮ ಮನೆಯ ಫೈಬರ್ ಹೀಗೆ ಹಾಗೆ ಅಂತ ಶುರು. ನಾನು ಟೀ ಸೋಸುತ್ತಿದ್ದೆ. ಸೋಸಿದ್ದನ್ನೇ ಮತ್ತೆ ಸೋಸಿದೆ.

ಐಯೋನಾಳ ಚೀಲ ಬಾಗಿಲ ಹತ್ತಿರವೇ ಇತ್ತು. ಬಂದಳು, ಚೀಲ ಎತ್ತಿದಳು, ಒಳಕೋಣೆಗೆ ಒಯ್ದಳು.

"ನೋಲೀನಜ್ಜಿ, ನಿಮ್ಮಲ್ಲಿ ಕಾರು ತುಂಬಾ ಬೇಗ ತಿರುಗತ್ತೆ. ಈಗ ನಂಗೆ ಅದು ಆಗಲ್ಲ."

ನೋಲೀನ್ ನನ್ನ ಕಡೆ ನೋಡಿದಳು. ನಾನು ಟೀಗೆ ಹಾಲು ಹಾಕಿದೆ. ಗೆದ್ದವರು ಮಾತಾಡಬಾರದು.

ಊಟವಾಗುವಷ್ಟರಲ್ಲಿ ರಸ್ತೆ ಮೇಲೆ ಹಿಮ ಕಟ್ಟಿತು. ಉಳಿದುಕೋ ಅಂತ ನೋಲೀನ್‌ಗೆ ಅಂದೆ, ಎದುರಿನ ಕೋಣೆ ಖಾಲಿ ಇದೆ. ಈಗ ಒಲೆ ಹತ್ತಿರ ಐಯೋನಾ ಅವಳ ಕೈಗೆ ಕಂಟ್ರೋಲರ್ ಕೊಟ್ಟಿದ್ದಾಳೆ. ಗೋಡೆ. ಮತ್ತೆ ಗೋಡೆ. ಕೇಳಲು ಎಷ್ಟು ಹಿತ. ಬೀಗಿತ್ತಿ ಒತ್ತುವುದೆಲ್ಲ ತಡ. ಒಂದು ಮಾತು ಹೇಳಿಕೊಟ್ಟರೆ ಸಾಕು, ಆದರೆ ಇನ್ನೂ ನಾಲ್ಕು ಸಲ ಗುದ್ದಲಿ ಅಂತ ಇಲ್ಲೇ ಕೂತು ಬರೆಯುತ್ತಿ—

ಐಯೋನಾ ಕರೆಯುತ್ತಿದ್ದಾಳೆ. ನನ್ನ ಸರದಿಯಂತೆ. ಒಂದೇ ಆಟ ಅಂತ ಮೊದಲೇ ಹೇಳಿಬಿಡಬೇಕು, ಒಂದೇ, ಆಮೇಲೆ ಎಲ್ಲರೂ ಮಲಗಬೇಕು.