ಫಲ್ಲಾನ ಪಾಲಿನ ಗಂಜಿ

ಬಟ್ಟಂಬಾಂಗ್
೨೫ ಮಾರ್ಚ್ ೨೦೧೧

ಮುದ್ದಿನ ಮಗಳು ಥಿದಾಳಿಗೆ,

ಅಮ್ಮನ ಕಾಗದ ಅಂತ ಮಡಿಸಿಡಬೇಡ, ಕೊನೆತನಕ ಓದು. ಹೋದ ಹೊಸವರ್ಷದ ಹಬ್ಬದಲ್ಲಿ ನಿನ್ನ ಮಗಳು ಮೊನಿ ಚಮಚದಿಂದ ಬಟ್ಟಲು ಬಡಿದಳೆಂದು ಅದನ್ನು ಕಿತ್ತು ಅಂಗಳಕ್ಕೆ ಎಸೆದೆನಲ್ಲ, ಮೂರು ವರ್ಷದ ಮಗು ಹೆದರಿ ಚೀರಿತು. "ಇನ್ನು ಈ ಮನೆ ಹೊಸ್ತಿಲು ತುಳಿಯಲ್ಲ" ಅಂದು ನೀನು ನೋಮ್ ಪೆನ್ ಬಸ್ಸು ಹತ್ತಿದೆ. ನಿನ್ನದೇನೂ ತಪ್ಪಿಲ್ಲ. ನೀನು ಚಿಕ್ಕವಳಿದ್ದಾಗಲೂ ನಾನು ಹಾಗೆಯೇ ಇದ್ದೆ.

ಮದ್ದು ಹುಡುಕದೆ ಕೂತಿರಲಿಲ್ಲ ಕಣೆ. ಆಸ್ಪತ್ರೆಯ ಮಾತ್ರೆಯಿಂದ ನಿದ್ದೆ ಬಂತು, ಆದರೆ ಚಮಚದ ಸದ್ದಿಗೆ ಎದೆ ಹೊಡೆದುಕೊಳ್ಳುವುದು ನಿಲ್ಲಲಿಲ್ಲ. ಮಂತ್ರವಾದಿ ನೀರು ಚಿಮುಕಿಸಿ, "ಯಾರೋ ಹಸಿದೋರು ನಿನ್ನ ಹಿಂದೆ ಬಿದ್ದಿದಾರೆ, ಯಾರಮ್ಮ ಅದು?" ಅಂದ. ಗೊತ್ತಿಲ್ಲವೆಂದು ಸುಳ್ಳು ಹೇಳಿ ಎದ್ದು ಬಂದೆ.

ಆಮೇಲೆ ನಮ್ಮೂರ ಬೌದ್ಧ ವಿಹಾರಕ್ಕೆ ವನ್ನಿ ಎಂಬ ಆಪ್ತ ಸಲಹೆಗಾರ್ತಿ ಬರತೊಡಗಿದಳು. ನಿನ್ನ ವಯಸ್ಸಿನವಳು, ಇವಳೇನು ಕಿಸಿದಾಳು ಅಂದುಕೊಂಡೆ. "ಮರೀಬೇಕಾಗಿಲ್ಲ ಚಿಕ್ಕಮ್ಮ, ಮೊದಲಿಂದ ಹೇಳ್ತಾ ಹೋಗಿ, ನಾನು ಬರ್ಕೋತೀನಿ" ಅಂದಳು. ನನ್ನ ಕೈ ನಡುಗಿದರೆ ಪೆನ್ನು ಕೆಳಗಿಟ್ಟು, "ಈಗ ನಾವೆಲ್ಲಿದೀವಿ?" ಅನ್ನುವಳು. ಚಾಪೆ ಮುಟ್ಟಿ, ಎದುರಿನ ಮಾವಿನ ಮರ ನೋಡಿ, ವಿಹಾರದಲ್ಲಿ ಅನ್ನುವೆ. ಮುಂದಿನ ವಾರ ಬರೆದದ್ದನ್ನು ನನಗೇ ಓದಿ ಹೇಳುವಳು. ಐದು ವಾರ ಹೀಗೇ ನಡೆಯಿತು. ಕೊನೆಯ ಪುಟದ್ದು ಮಾತ್ರ ಬಾಯಿಂದ ಹೊರಡಲೊಲ್ಲದು.

ಅದನ್ನು ನಿನಗೂ ಹೇಳಬೇಕು. ಖಮೇರ್ ರೂಜ್ ಆಳ್ವಿಕೆಯ ಹಸಿವಿನ ಕಾಲದಲ್ಲಿ ನನ್ನ ತಮ್ಮ ಫಲ್ಲಾ ಜ್ವರ ಬಂದು ಸತ್ತ ಅನ್ನುತ್ತಿದ್ದೆನಲ್ಲ, ಅದು ಅರ್ಧ ಸತ್ಯ. ನನಗೆ ಹನ್ನೆರಡು, ಅವನಿಗೆ ಆರು. ಸಾಮೂಹಿಕ ಅಡುಗೆಮನೆಯಿಂದ ಅವನ ಪಾಲಿನ ನೀರುಗಂಜಿ ತರಲು ಹೋದವಳು ದಾರಿಯಲ್ಲೇ ಕುಡಿದುಬಿಟ್ಟೆ. ಖಾಲಿ ಬಟ್ಟಲು ಕೈಗಿಟ್ಟೆ. ಅವನು ಬೈಯಲಿಲ್ಲ, ಅದನ್ನೇ ಚಮಚದಿಂದ ಕೆರೆಯುತ್ತಾ ಕೂತ. ಬೆಳಗ್ಗೆ ಆ ಸದ್ದಿರಲಿಲ್ಲ.

ಮೂವತ್ತು ವರ್ಷ ಪಿತೃಪಕ್ಷದಲ್ಲಿ ವಿಹಾರಕ್ಕೆ ಹೋಗಿ ಸತ್ತವರೆಲ್ಲರ ಹೆಸರು ಬರೆಸಿದೆ, ಅವನದ್ದೊಂದು ಬಿಟ್ಟೆ. ಹೆಸರು ಕೂಗಿದರೆ ಬಂದು ಗಂಜಿ ಕೇಳಿಯಾನೆಂಬ ಭಯ. ಆ ದಿನಗಳಲ್ಲಿ ಸತ್ತವರು ಏಳು ವಿಹಾರ ಅಲೆದು ತಮ್ಮ ಪಾಲಿನ ಅನ್ನ ಹುಡುಕುತ್ತಾರೆ. ಅಲ್ಲೂ ಅವನನ್ನು ಉಪವಾಸ ಕೆಡವಿದೆ, ನಾನೆಂಥ ಅಕ್ಕ!

ಕೊನೆಗೂ ವನ್ನಿಗೆ ಹೇಳಿದೆ. ಬರೆದದ್ದನ್ನು ಸತ್ತವರ ಹೆಸರಲ್ಲಿ ವಿಹಾರದಲ್ಲಿ ಓದಿಸೋಣವೇ ಅಂದಳು, ಒಪ್ಪಿದೆ. ಹುಣ್ಣಿಮೆಯ ಬೆಳಗ್ಗೆ ಹಿರಿಯ ಭಿಕ್ಷು ಊರವರೆದುರು ಎಲ್ಲವನ್ನೂ ಓದಿದರು, ಕೊನೆಯ ಪುಟವನ್ನೂ. ಜನ ಉಗಿಯುತ್ತಾರೆಂದು ನೆಲ ನೋಡುತ್ತಾ ಕೂತಿದ್ದೆ. ಪಕ್ಕದ ಮನೆಯ ಯಾನ್ ಅಜ್ಜಿ ನನ್ನ ಕೈ ಹಿಡಿದು, "ಅಯ್ಯೋ ಹುಚ್ಚಿ, ಆಗ ನೀನೂ ಮಗೂನೇ ಅಲ್ವೇನೇ?" ಅಂದಳು. ಗೊಳೋ ಎಂದು ಅತ್ತೆ. ಆಮೇಲೆ ಫಲ್ಲಾನ ಹೆಸರಲ್ಲಿ ಭಿಕ್ಷುಗಳಿಗೆ ಮೀನು ಹಾಕಿದ ಗಟ್ಟಿ ಗಂಜಿ ಬಡಿಸಿದೆ.

ಪೂರ್ತಿ ವಾಸಿಯಾಯಿತೆಂದು ಬುರುಡೆ ಬಿಡಲಾರೆ. ನಡುಕ ಈಗಲೂ ಬರುತ್ತದೆ. ಬಂದರೆ ಏನು ಮಾಡಬೇಕೆಂದು ಗೊತ್ತು. ಈ ಹೊಸವರ್ಷದ ಹಬ್ಬಕ್ಕೆ ಮೊನಿಯನ್ನು ಕರೆದುಕೊಂಡು ಬಾರೇ.

ನಿನ್ನ ದಾರಿ ಕಾಯುವ ಅಮ್ಮ,
ಸಾರೂನ್

ತಾ.ಕ.: ಸಂತೆಯಿಂದ ಹೊಸ ತಗಡಿನ ಬಟ್ಟಲು ತಂದಿದ್ದೇನೆ. ದಿನಾ ನಾನೇ ಅದನ್ನು ಚಮಚದಿಂದ ಬಡಿಯುತ್ತೇನೆ. ಮೊದಲ ದಿನ ಮೂರು ಸಲ, ನಿನ್ನೆ ಇಪ್ಪತ್ತು. ಬೇಲಿಯಾಚೆಯಿಂದ ಯಾನ್ ಅಜ್ಜಿ, "ಯಾರಿಗೇ ಅಷ್ಟೊಂದು ಹಸಿವು?" ಎಂದು ಕೂಗಿದಳು. "ಮೊಮ್ಮಗಳು ಬರ್ತಾಳೆ, ಅಭ್ಯಾಸ ಮಾಡ್ಕೋತಿದೀನಿ" ಅಂದೆ.