ಐವತ್ತೊಂದು ಎಲೆ

ಅಪ್ಪಾ,

ನೀನು ಎಲ್ಲಿದ್ದೀಯೋ ಗೊತ್ತಿಲ್ಲ, ಹಾಗಾಗಿ ಇದಕ್ಕೆ ವಿಳಾಸವೂ ಇಲ್ಲ. ಅಮ್ಮನನ್ನು ಈಗಷ್ಟೇ ಆಪರೇಷನ್ನಿಗೆ ಒಳಗೆ ಕರಕೊಂಡು ಹೋದರು. ನಾನು ಹೊರಗೆ ಬೆಂಚಿನ ಮೇಲೆ ಜೀವ ಕೈಯಲ್ಲಿ ಹಿಡಿದು ಕೂತಿದ್ದೇನೆ.

ಪಕ್ಕದಲ್ಲಿ ನನ್ನ ಮಗಳು, ನೀನು ನೋಡದ ಮೊಮ್ಮಗಳು. ನಾಳೆ ಅವಳಿಗೆ ಗಣಿತ ಪರೀಕ್ಷೆ. ನೀನು ಬಿಟ್ಟುಹೋದ ಇಸ್ಪೀಟ್ ಎಲೆ ಹರಡಿಕೊಂಡು ಸಂಭವನೀಯತೆಯ ಲೆಕ್ಕ ಮಾಡುತ್ತಿದ್ದಾಳೆ.

"ಡಾಕ್ಟರು ನೂರಕ್ಕೆ ತೊಂಬತ್ತು ಜನ ಹುಷಾರಾಗ್ತಾರೆ ಅಂದ್ರಲ್ಲ, ಉಳಿದ ಹತ್ತು ಜನ?" ಅಂತ ಕೇಳಿದಳು.

"ಬಾಯಿ ಮುಚ್ಕೊಂಡು ಲೆಕ್ಕ ಮಾಡೇ" ಅಂತ ರೇಗಿದೆ. ಆಮೇಲೆ ನೀನು ಕಲಿಸಿದ್ದನ್ನೇ ಹೇಳಿಕೊಟ್ಟೆ: ಎರಡನೇ ಎಲೆಗೆ ಕೈ ಹಾಕೋ ಮುಂಚೆ, ಮೊದಲು ತೆಗೆದದ್ದನ್ನ ವಾಪಸ್ ಹಾಕಿದ್ರೋ ಇಲ್ವೋ ಕೇಳ್ಕೋ.

ಅವಳು ಎಣಿಸಿದಳು. "ಅಮ್ಮಾ, ಐವತ್ತೊಂದೇ ಇದೆ. ಆಟಿನ್ ರಾಜ ಇಲ್ಲ. ಇದರಲ್ಲಿ ಯಾವ ಲೆಕ್ಕ ಮಾಡಿದ್ರೂ ತಪ್ಪೇ."

ನೀನೇ ಒಯ್ದಿರಬೇಕು ಅಂದುಕೊಂಡೆ.

ಅಷ್ಟರಲ್ಲಿ ನರ್ಸ್ ಅಮ್ಮನ ಉಂಗುರ, ಕನ್ನಡಕದ ಡಬ್ಬಿ ತಂದುಕೊಟ್ಟಳು. ಡಬ್ಬಿ ತೆಗೆದರೆ ಕನ್ನಡಕದ ಕೆಳಗೆ ಕೆಂಪು ಹೃದಯದ ಗುರುತಿನ ಆ ರಾಜನ ಎಲೆ, ಮಡಚಿ ಮಡಚಿ ಬಟ್ಟೆಯಷ್ಟು ಮೆತ್ತಗಾಗಿದೆ. ನಿನ್ನ ಹೆಸರೆತ್ತಿದರೆ ಎದ್ದು ಹೋಗುವ ಅಮ್ಮ!

ಮಗಳು ಕೈ ಚಾಚಿದಳು. "ಕೊಡಮ್ಮ, ವಾಪಸ್ ಹಾಕ್ತೀನಿ."

ನಾನು ಡಬ್ಬಿ ಮುಚ್ಚಿದೆ. "ಹಾಕ್ಬೇಕೋ ಬೇಡ್ವೋ, ಅಜ್ಜಿ ಎದ್ದು ಬಂದು ಹೇಳ್ಲಿ. ಅಲ್ಲೀವರೆಗೂ ಐವತ್ತೊಂದರಲ್ಲೇ ಲೆಕ್ಕ ಮಾಡು. ಇಷ್ಟು ವರ್ಷ ನಾವು ಮಾಡಿದ್ದೂ ಹಾಗೇ."