ಡೈರಿ ಮುಂದಿನ ಡಾಕ್ಟರಮ್ಮ ಮತ್ತು ನನ್ನ ಸುಳ್ಳು ಅರ್ಜಿ

ಮಾನ್ಯ ತಾಲ್ಲೂಕು ಆರೋಗ್ಯಾಧಿಕಾರಿಗಳೇ,

ಏಳು ವರ್ಷಗಳಲ್ಲಿ ನಾನು ತಮ್ಮ ಕಚೇರಿಗೆ ಹದಿನೇಳು ಅರ್ಜಿ ಬರೆದಿದ್ದೇನೆ. ನರ್ಸಮ್ಮನ ಹುದ್ದೆ ಖಾಲಿಯಿದೆ ಎಂದು ನಾಲ್ಕು, ಉಪಕೇಂದ್ರದ ಸೂರು ಸೋರುತ್ತಿದೆ ಎಂದು ಐದು, ನಾಯಿ ಕಚ್ಚಿದರೆ ಚುಚ್ಚುಮದ್ದಿಗೆ ಹೊಸಕೋಟೆಗೇ ಓಡಬೇಕು ಎಂದು ಏಳು. ಹದಿನಾರೂ ಸತ್ಯ, ಹದಿನಾರಕ್ಕೂ ಉತ್ತರವಿಲ್ಲ. ಹದಿನೇಳನೆಯದು ಸುಳ್ಳು. ಅದಕ್ಕೆ ಒಂಬತ್ತೇ ದಿನಗಳಲ್ಲಿ ಆದೇಶ ಬಂತು! ಕಚೇರಿ ಮಲಗಿದೆ ಎಂದು ಊರೆಲ್ಲ ಸಾರಿಕೊಂಡು ತಿರುಗಿದ್ದ ನನಗೆ ನಾಚಿಕೆಯಾಯಿತು. ಮಲಗಿರಲಿಲ್ಲ, ಎಬ್ಬಿಸುವ ಮಂತ್ರ ನನಗೆ ಗೊತ್ತಿರಲಿಲ್ಲ, ಅಷ್ಟೆ.

ನಮ್ಮೂರ ಹಾಲಿನ ಡೈರಿಯ ಮುಂದೆ ಡಾ. ಶಾಮಲಾ ಅವರು ನಡೆಸುತ್ತಿದ್ದ ಬಾಯಿ ಕ್ಯಾನ್ಸರ್ ತಪಾಸಣೆಯನ್ನು ನಿಲ್ಲಿಸಿದ ಆದೇಶ ಅದು. ಅದನ್ನು ವಾಪಸು ಪಡೆಯಿರಿ ಎಂದು ಕೇಳುವುದಕ್ಕೇ ಈ ಪತ್ರ. ಇದು ಸತ್ಯವಾದ್ದರಿಂದ ತಮ್ಮ ಟಪಾಲಿಗೆ ಹಾಕುವ ಧೈರ್ಯ ಬರಲಿಲ್ಲ, ಪತ್ರಿಕೆಗೆ ಕಳಿಸಿದ್ದೇನೆ.

ತಾವು ಈ ತಾಲ್ಲೂಕಿಗೆ ಹೊಸಬರು. ಡಾಕ್ಟರಮ್ಮ ಯಾರೆಂದು ತಿಳಿಯದೆ ಸಹಿ ಮಾಡಿರಬಹುದು. ನಾನೋ ಇಪ್ಪತ್ತಾರು ವರ್ಷ ಕಣ್ಣಾರೆ ನೋಡಿಯೂ ಬರೆದವನು. ತಮ್ಮನ್ನು ದೂರುವ ಯೋಗ್ಯತೆ ನನಗೆ ಅಷ್ಟಕ್ಕಷ್ಟೆ. ಅವರು ಅನುಗೊಂಡನಹಳ್ಳಿಯಲ್ಲಿ ಹುಟ್ಟಿ, ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಶಸ್ತ್ರವೈದ್ಯೆಯಾದವರು. ನಮ್ಮ ಕಡೆಯ ಜನ ದವಡೆಯಲ್ಲಿ ಗಂಟು ಕಟ್ಟಿ, ಅನ್ನ ಇಳಿಯದಂತಾದ ಮೇಲೇ ಅವರ ಮುಂದೆ ಬಂದು ಕೂರುತ್ತಿದ್ದರು. ಹನ್ನೆರಡು ವರ್ಷ ದವಡೆ ಕತ್ತರಿಸಿ ಕತ್ತರಿಸಿ ಅವರಿಗೆ ಸಾಕಾಯಿತು. ಹಸು ಬಿಟ್ಟು ಜನ ಆಸ್ಪತ್ರೆಗೆ ಬರುವುದಿಲ್ಲ, ಆದರೆ ದಿನಾ ಬೆಳಿಗ್ಗೆ ಡೈರಿಗೆ ಬಂದೇ ಬರುತ್ತಾರೆ. ಹಾಲಿನ ಫ್ಯಾಟ್ ನೋಡುವ ಸಾಲಿನಲ್ಲೇ ಬಾಯಿಯನ್ನೂ ನೋಡಿದರಾಯಿತು ಎಂದು ಒಂದು ಬೆಂಚು, ಒಂದು ಟಾರ್ಚು ಹಿಡಿದು ಬಂದರು. ಜೊತೆಯ ಡಾಕ್ಟರುಗಳು ನಕ್ಕರಂತೆ. ಹನ್ನೊಂದು ಡೈರಿ, ನಾಲ್ಕು ಸಾವಿರ ಬಾಯಿ, ಒಬ್ಬೊಬ್ಬರಿಗೂ ಒಂದು ಕಾರ್ಡು, ಆರು ತಿಂಗಳಿಗೊಮ್ಮೆ ಅದೇ ಬಾಯಿ. ಯಾವ ಬಿಳಿ ಮಚ್ಚೆ ತಾನಾಗಿ ಮಾಯುತ್ತದೆ, ಯಾವುದು ಮುಂದೆ ಕ್ಯಾನ್ಸರ್ ಆಗುತ್ತದೆ ಎಂಬುದು ಹೀಗೆ ವರ್ಷಗಟ್ಟಲೆ ಕಾದವರಿಗಷ್ಟೇ ಕಾಣುವ ಸಂಗತಿ. ಅವರು ಕಂಡದ್ದನ್ನು ಓದಿ ವಿದೇಶದ ಡಾಕ್ಟರುಗಳು ಬಂದು ನಮ್ಮ ಡೈರಿಯ ಜಗಲಿಯ ಮೇಲೆ ಕೂತು ಟೀ ಕುಡಿದು, ಆ ಬೆಂಚಿನ ಫೋಟೋ ತೆಗೆದುಕೊಂಡು ಹೋದರು. ಫೋಟೋದಲ್ಲಿ ನಾನೂ ಇದ್ದೇನೆ, ನಟ್ಟನಡುವೆ.

ಆದರೆ ಬೆಂಚಿನ ಮೇಲೆ ಮಾತ್ರ ಒಂದು ದಿನವೂ ಕೂತಿರಲಿಲ್ಲ. ಇಪ್ಪತ್ತು ವರ್ಷದ ಗುಟ್ಕಾ ನನ್ನದು. ಕಳೆದ ಫೆಬ್ರವರಿಯಲ್ಲಿ ಹೆಂಡತಿ ತವರಿಗೆ ಹೋಗಿದ್ದಳು. ಹಾಲಿನ ಕ್ಯಾನು ಹಿಡಿದು ಹೋದವನು ಸಿಕ್ಕಿಬಿದ್ದೆ. "ಕಾಂತರಾಜು, ನಿಮ್ಮದೇ ಮೂರು ಬೆರಳು ಜೋಡಿಸಿ, ಒಂದರ ಮೇಲೊಂದು, ಬಾಯೊಳಗೆ ಇಡಿ" ಎಂದರು ಡಾಕ್ಟರಮ್ಮ. ಎರಡೇ ಹೋದವು. ಗುಟ್ಕಾ ಹಾಕುವವರ ಬಾಯಿ ರೋಗ ಹತ್ತಿ ಹೀಗೇ ಬಿಗಿಯುತ್ತ ಬರುತ್ತದಂತೆ.

ಹಿಂದೆ ನಿಂತಿದ್ದ ಮುನಿವೆಂಕಟಪ್ಪ ಬಿಡುತ್ತಾನೆಯೇ? "ಲೇ ಕಾಂತ, ಮೈಕ್ ಸಿಕ್ಕುದ್ರೆ ಎರಡು ಗಂಟೆ ಬಿಗೀತೀಯ, ಬಾಯಿ ಇಷ್ಟೇನೇನ್ಲಾ ಇರಾದು?"

ಸಾಲಿಗೆ ಸಾಲೇ ನಕ್ಕಿತು. ಮನೆಗೆ ಬಂದವನೇ ಬಿಳಿ ಹಾಳೆ ತೆಗೆದೆ. "ಸಾರ್ವಜನಿಕರ ಎಂಜಲು ಹಾಲಿಗೆ ಸಿಡಿದು ಸಾಂಕ್ರಾಮಿಕ ರೋಗ ಹರಡುವ ಸಂಭವವಿದ್ದು, ತುರ್ತಾಗಿ ತಡೆಯಬೇಕಾಗಿ..." ಸಬ್‌ರಿಜಿಸ್ಟ್ರಾರ್ ಕಚೇರಿಯ ಮುಂದೆ ಕ್ರಯಪತ್ರ ನಕಲು ಮಾಡಿ ಕಲಿತ ಕನ್ನಡ, ಹರಿಯಿತು. ಡೈರಿಗೆ ಶೀಟು ಹಾಕಿಸುವ ಅರ್ಜಿ ಎಂದು ಹೇಳಿ ನಲವತ್ತಮೂರು ಸಹಿ ತೆಗೆದುಕೊಂಡೆ. ಯಾರೂ ಓದಲಿಲ್ಲ. ನಾನು ಬರೆದದ್ದನ್ನು ಊರಿನವರು ಓದುವುದಿಲ್ಲ, ನಂಬುತ್ತಾರೆ. ತಾವೂ ಹಾಗೆಯೇ ಮಾಡಿದಿರಿ. ಬೆಂಚಿಗೂ ಹಾಲಿನ ಕ್ಯಾನಿಗೂ ಮೂವತ್ತು ಅಡಿ ದೂರ, ನಡುವೆ ಒಂದು ಹೊಂಗೆ ಮರ. ಒಬ್ಬ ಜವಾನನನ್ನಾದರೂ ಕಳಿಸಿ ನೋಡಿಸಬಾರದಿತ್ತೆ? ಸುಳ್ಳುಗಾರನಿಗೂ ಒಂದು ಗೌರವವಿರುತ್ತದೆ ಸ್ವಾಮಿ. ಇಷ್ಟು ಸಲೀಸಾಗಿ ನಂಬಿದರೆ ಬೇಸರವಾಗುತ್ತದೆ.

ಆ ನಲವತ್ತಮೂರರಲ್ಲಿ ಒಂದು ಹೆಬ್ಬೆಟ್ಟು ಸಪ್ಪಲಮ್ಮನವರದು. ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವವರು. ಎಡಗೆನ್ನೆಯ ಒಳಗಿನ ಬಿಳಿ ಮಚ್ಚೆಯನ್ನು ಡಾಕ್ಟರಮ್ಮ ಅವರ ಕಾರ್ಡಿನಲ್ಲಿ ಕೆಂಪು ಪೆನ್ಸಿಲಿನಿಂದ ಗುರುತು ಮಾಡಿದ್ದರು. ಏಪ್ರಿಲ್‌ನಲ್ಲಿ ಮತ್ತೆ ನೋಡಬೇಕಿತ್ತು. ಮಾರ್ಚ್‌ನಲ್ಲಿ ತಮ್ಮ ಆದೇಶ ಬಂತು. ಈಗ ಆಗಸ್ಟ್. ಖಾರ ತಿಂದರೆ ಕೆನ್ನೆ ಉರಿಯುತ್ತದೆಯಂತೆ ಎಂದು ಕೇಳಿ, ಬಾಡಿಗೆ ಕಾರು ಮಾಡಿಕೊಂಡು ಅವರ ಮನೆಗೆ ಹೋದೆ. ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ ಎಂದೆ.

"ಆಸ್ಪತ್ರೆಗ್ಯಾಕಪ್ಪಾ? ನಂಗೇನ್ ಬಂದೈತೆ?" ಎಂದರು ಕೆನ್ನೆ ಹಿಡಿದುಕೊಂಡೇ. "ಡೈರಿ ತಾವ ಆದ್ರೆ ಹಾಲ್ ಹಾಕ್ಬಿಟ್ಟು ತೋರಿಸ್ತಿದ್ದೆ. ಆಯಮ್ಮನ್ನ ಯಾವನೋ ಓಡಿಸ್ಬಿಟ್ನಂತೆ, ಅವನ್ ಮನೆ ಹಾಳಾಗ. ನೀನು ಚೆಂದಾಗ್ ಬರೀತೀಯಲ್ಲ, ಒಂದು ಅರ್ಜಿ ಬರ್ದಾಕು."

ಕಾರು ಅಲ್ಲಿಂದ ಸೀದಾ ಬೆಂಗಳೂರಿನ ಡಾಕ್ಟರಮ್ಮನ ಮನೆಗೆ ಹೋಯಿತು. ಅವರು ನಿವೃತ್ತರಾಗಿದ್ದಾರೆ. ಮೇಜಿನ ಮೇಲೆ ನನ್ನ ಅರ್ಜಿಯ ಪ್ರತಿಯಿತ್ತು. "ನೀವೇ ಬರೆದದ್ದಾ? ಭಾಷೆ ಚೆನ್ನಾಗಿದೆ" ಎಂದರು. ತಪ್ಪಾಯಿತು ಎಂದು ಕೈ ಮುಗಿದೆ. "ಅದು ಹಾಗಿರಲಿ. ಆದೇಶ ಮೀರಿ ನಿಮ್ಮೂರಲ್ಲಿ ಒಂದು ಬಾಯಿ ನೋಡಿದ್ರೂ ಉಳಿದ ಹತ್ತು ಡೈರೀನೂ ನಿಲ್ಲಿಸ್ತಾರೆ. ವಾಪಸು ತೆಗೆಸಿ, ಮಾರನೇ ದಿನವೇ ಬರ್ತೀನಿ. ಮೊದಲು ಸಪ್ಪಲಮ್ಮನ್ನ ನೋಡ್ಬೇಕು, ತಡ ಆಗ್ತಿದೆ ಕಾಂತರಾಜು." ಆ ಕೊನೆಯ ಮಾತನ್ನು ಅವರು ಎರಡು ಸಲ ಹೇಳಿದರು.

ಆದ್ದರಿಂದ ಆದೇಶವನ್ನು ಈ ವಾರವೇ ರದ್ದುಪಡಿಸಿ. ಸಾಕ್ಷಿ ಬೇಕೆ? ಕಡತದಲ್ಲಿರುವುದು ನನ್ನದೇ ಕೈಬರಹ. ಸುಳ್ಳು ದೂರು ಕೊಟ್ಟವನ ಮೇಲೆ ಮೊಕದ್ದಮೆ ಹೂಡಿ. ಸಿಬ್ಬಂದಿ ಕೊರತೆಯಿದ್ದರೆ ಆ ದೂರನ್ನೂ ನಾನೇ ಬರೆದುಕೊಡುತ್ತೇನೆ.

ಇದನ್ನು ಪತ್ರಿಕೆಗೆ ಕಳಿಸುವ ಮೊದಲು ಸಪ್ಪಲಮ್ಮನವರಿಗೆ ಓದಿ ಹೇಳಿದೆ. ಚಪ್ಪಲಿಗೆ ಕೈ ಹಾಕುತ್ತಾರೆ ಎಂದು ಬಾಗಿಲ ಬಳಿಯೇ ಕೂತಿದ್ದೆ. ಅವರು, "ಹಂಗಾದ್ರೆ ಆಯಮ್ಮ ಯಾವತ್ತು ಬತ್ತಾಳೆ?" ಎಂದಷ್ಟೇ ಕೇಳಿದರು. ಅವರಿಗೆ ಓದು ಬರುವುದಿಲ್ಲ. ತಾವೊಂದು ದಿನಾಂಕ ಬರೆದರೆ, ಹೋಗಿ ಓದಿ ಹೇಳುತ್ತೇನೆ.

ಇಂತಿ,
ಬೈಗುಳವನ್ನೂ ಗಿಟ್ಟಿಸಿಕೊಳ್ಳಲಾರದ
ಕಾಂತರಾಜು, ಅರ್ಜಿ ಬರಹಗಾರ, ನಂದಗುಡಿ ಹೋಬಳಿ
(ಗುಟ್ಕಾ ಬಿಟ್ಟು ಹತ್ತೊಂಬತ್ತು ದಿನವಾಯಿತು, ಅದರಲ್ಲಿ ಎರಡು ದಿನ ಸುಳ್ಳು.)